ಬಿಡಿಎಸ್ ಸಾಲ: ಬಡ್ಡಿ ಕಟ್ಟಿದ್ದು ಹಾಲಿನ ಬಟವಾಡೆಯಿಂದ

ಮಕ್ಕಳನ್ನು ಬಿಡಿಎಸ್‌ಗೆ, ಅಂದರೆ ದಂತವೈದ್ಯ ಪದವಿಗೆ, ಸೇರಿಸಲು ಹೊರಟವರು ನನ್ನ ಕ್ಲಿನಿಕ್ಕಿಗೆ ಬಂದಾಗ ಮೊದಲು ಕೇಳುವುದು ವರ್ಷದ ಫೀಸೆಷ್ಟು ಅಂತ. ಫೀಸು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸೀಟು ಹಂಚಿಕೆಯ ಕೌನ್ಸೆಲಿಂಗ್ ವೇಳೆಗೆ ಗೊತ್ತಾಗಿಯೇ ಆಗುತ್ತದೆ. ಅವರು ಕೇಳಬೇಕಾದ್ದು ಸಾಲ ತೀರಿಸಲು ಶುರು ಮಾಡುವ ದಿನ ಅದು ಎಷ್ಟಾಗಿರುತ್ತದೆ ಅನ್ನುವುದನ್ನು. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಕಂತು ಶುರುವಾಗುವ ಮೊದಲು ಬ್ಯಾಂಕು ಕೊಡುವ ಒಂದು ವರ್ಷದ ವಾಯಿದೆ. ಈ ಆರೂ ವರ್ಷ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ನಾನು ತೆಗೆದುಕೊಂಡದ್ದು ವರ್ಷಕ್ಕೆ 1.8 ಲಕ್ಷದಂತೆ ನಾಲ್ಕು ಕಂತು, ಒಟ್ಟು 7.2 ಲಕ್ಷ, ಬಡ್ಡಿ ಶೇ 12. ಏಳೂವರೆ ಲಕ್ಷ ದಾಟಿದ್ದರೆ ಮನೆಯನ್ನೋ ತೋಟವನ್ನೋ ಅಡ ಇಡಬೇಕಿತ್ತು. ಅದರೊಳಗಿದ್ದರೂ ನಾಲ್ಕು ಲಕ್ಷ ದಾಟಿದ್ದರಿಂದ ಮೂರನೆಯವರ ಜಾಮೀನು ಕೇಳಿದರು. ಅಪ್ಪನ ಶಾಲೆಯ ಸಹೋದ್ಯೋಗಿಯೊಬ್ಬರು ಸಹಿ ಹಾಕಿದರು. ಕೇಂದ್ರದ ಬಡ್ಡಿ ಸಬ್ಸಿಡಿಗೆ ಆಗ ಮನೆಯ ವರ್ಷದ ಆದಾಯ 4.5 ಲಕ್ಷ ಮೀರಬಾರದಿತ್ತು. ಅಪ್ಪನ ಮೇಷ್ಟ್ರ ಸಂಬಳ ಅದಕ್ಕಿಂತ ಚೂರು ಮೇಲಿತ್ತು, ಹಾಗಾಗಿ ಆ ಬಾಗಿಲು ಮುಚ್ಚಿತು. ಸಾಲ ಮಂಜೂರಾದ ದಿನ ಮ್ಯಾನೇಜರ್, "ಮೇಷ್ಟ್ರೇ, ಈಗ ಒಂದ್ರೂಪಾಯೀನೂ ಕಟ್ಟೋದು ಬೇಡ. ಮಗಳು ಡಾಕ್ಟ್ರಾದ್ಮೇಲೆ ನೋಡ್ಕೊಳ್ಳೋಣ ಬಿಡಿ" ಅಂದರು. ಅಪ್ಪ ಗಣಿತದ ಮೇಷ್ಟ್ರು. ಮನೆಗೆ ಬಂದು ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು.

ಮೊದಲ ವರ್ಷ ತಿಂಗಳಿಗೆ 1,800 ರೂಪಾಯಿ ಬಡ್ಡಿ. ಎರಡನೇ ವರ್ಷ 3,600, ಮೂರನೆಯದಕ್ಕೆ 5,400, ಕೊನೆಯ ವರ್ಷದಿಂದ 7,200. ವಾಯಿದೆ ಮುಗಿಯುವವರೆಗೆ ಸರಳ ಬಡ್ಡಿಯೇ, ಆದರೂ ಆರು ವರ್ಷಕ್ಕೆ 3,88,800. ಅದು ಅಸಲಿಗೆ ಸೇರಿ ಸಾಲ 11 ಲಕ್ಷ ದಾಟುತ್ತದೆ. ಹತ್ತು ವರ್ಷದ ಅವಧಿ ಹಾಕಿಕೊಂಡರೆ ತಿಂಗಳ ಕಂತು 15,900 ಚಿಲ್ಲರೆ. ಬಡ್ಡಿಯನ್ನು ಆಗಿಂದಾಗಲೇ ಕಟ್ಟಿಕೊಂಡು ಬಂದರೆ 10,300ರ ಸುಮಾರು. "ತಿಂಗಳಾ ತಿಂಗಳಾ ಕಟ್ಟೋಣ" ಅಂದುಬಿಟ್ಟರು ಅಪ್ಪ.

ದುಡ್ಡು ಬಂದದ್ದು ಅಮ್ಮನ ಕಡೆಯಿಂದ. ನಮ್ಮದು ತಿಪಟೂರಿನ ಕಡೆಯ ಹಳ್ಳಿ. ತೋಟದ ಕೊಬ್ಬರಿ ನಂಬಿ ತಿಂಗಳ ಲೆಕ್ಕ ಹಾಕಲಾಗದು, ದರ ಯಾವಾಗ ಏರುತ್ತೋ ಯಾವಾಗ ಇಳಿಯುತ್ತೋ. ಡೇರಿಗೆ ಹಾಕಿದ ಹಾಲಿನ ದುಡ್ಡಿನ ಬಟವಾಡೆ ಹಾಗಲ್ಲ, ಕಮ್ಮಿಯಾದರೂ ತಪ್ಪದೆ ಬರುತ್ತದೆ. ಮೊದಲೆರಡು ವರ್ಷದ ಬಡ್ಡಿ ಪೂರ್ತಿ ಅಮ್ಮನ ಎರಡು ಹಸುಗಳ ಹಾಲಿನಿಂದಲೇ ಹೋಯಿತು. ಆಮೇಲೆ ಕಡಿಮೆ ಬಿದ್ದದ್ದನ್ನು ಅಪ್ಪ ಸಂಬಳದಿಂದ ತುಂಬಿದರು. ಓದುವಾಗಲೇ ಬಡ್ಡಿ ಕಟ್ಟುವವರಿಗೆ ಬಡ್ಡಿ ದರದಲ್ಲಿ ಶೇ 1ರಷ್ಟು ರಿಯಾಯಿತಿ ಕೊಡುವ ಪದ್ಧತಿಯಿದೆ. ಕೇಳಿದ್ದಕ್ಕೆ ನಮಗೂ ಸಿಕ್ಕಿತು. ಮೇಲಿನದು ಅದನ್ನು ಬಿಟ್ಟು ಹೇಳಿದ ಲೆಕ್ಕ. ಸಾಲದಲ್ಲಿ ಅಪ್ಪನ ಹೆಸರೂ ಇದ್ದದ್ದರಿಂದ ಆದಾಯ ತೆರಿಗೆ ಕಾಯ್ದೆಯ 80ಇ ಕಲಮಿನ ಕೆಳಗೆ ಆ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆದರು. ಅದಕ್ಕೆ ಮಿತಿ ಎಂಟು ವರ್ಷ, ಎಣಿಕೆ ಬಡ್ಡಿ ಕಟ್ಟಲು ಶುರು ಮಾಡಿದ ವರ್ಷದಿಂದಲೇ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇದು ಇಲ್ಲ.

ಬ್ಯಾಂಕು ಕೊಡದ ಖರ್ಚುಗಳೂ ಇವೆ. ಬಿಲ್ ಇದ್ದರೆ ಪುಸ್ತಕ, ಹಲ್ಲು ಕೊರೆಯುವ ಮೈಕ್ರೋಮೋಟರ್, ಏರೋಟರ್ ಹ್ಯಾಂಡ್‌ಪೀಸ್‌ಗೆಲ್ಲ ಸಾಲ ಸಿಗುತ್ತದೆ. ಬಿಲ್ ಇಲ್ಲದ್ದು ಕ್ಲಿನಿಕಲ್ ಕೋಟಾ. ಮೂರನೇ ವರ್ಷದಿಂದ ಇಂತಿಷ್ಟು ಹಲ್ಲು ಕೀಳಬೇಕು, ಇಷ್ಟು ಫಿಲ್ಲಿಂಗ್, ಇಷ್ಟು ಕ್ಲೀನಿಂಗ್, ಇಷ್ಟು ಡೆಂಚರ್ (ಕಟ್ಟಿದ ಹಲ್ಲಿನ ಸೆಟ್) ಅಂತ ಇರುತ್ತದೆ. ರೋಗಿ ಸಿಗದಿದ್ದರೆ ನಾವೇ ಕರೆತರಬೇಕು. ಅವರ ಬಸ್ ಚಾರ್ಜು, ಎಷ್ಟೋ ಸಲ ಕಾಲೇಜಿನ ಶುಲ್ಕವೂ ನಮ್ಮ ತಲೆಗೇ. ನನ್ನ ಪೂರ್ತಿ ದಂತಪಂಕ್ತಿಯ ಕೇಸಿಗೆ ಸಿಕ್ಕವರು ನಮ್ಮಜ್ಜಿ. ಒಂದು ಸಲ ಅಳತೆ, ಮತ್ತೆ ಸರಿಯಾದ ಅಳತೆ, ಮೇಣದ ಅಚ್ಚು ಕಚ್ಚಿಸಿ ದವಡೆ ನೋಡುವುದು, ಮೇಣದಲ್ಲೇ ಹಲ್ಲು ಜೋಡಿಸಿ ತೋರಿಸುವುದು, ಕೊನೆಗೆ ಸೆಟ್ ಕೂರಿಸುವುದು. ಪ್ರತಿ ಸಲವೂ ಹಳ್ಳಿಯಿಂದ ಬೆಂಗಳೂರಿಗೆ. "ಹಲ್ಲಿಲ್ದೇನೇ ಮುದ್ದೆ ನುಂಗ್ತಿದ್ನಲ್ಲೇ ತಾಯಿ" ಅಂತ ಗೊಣಗಿದರೂ ಒಂದು ದಿನವೂ ತಪ್ಪಿಸಲಿಲ್ಲ.

ಇಂಟರ್ನ್‌ಶಿಪ್ ಮುಗಿದ ಮೇಲೆ ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ, ತಿಂಗಳಿಗೆ 15,000. ಮೇಲಿನ ಎರಡು ಕಂತುಗಳನ್ನು ಇದರ ಪಕ್ಕ ಇಟ್ಟು ನೋಡಿ. ಬಡ್ಡಿ ಬೆಳೆಯಲು ಬಿಟ್ಟಿದ್ದರೆ ಸಂಬಳವೆಲ್ಲ ಕೊಟ್ಟರೂ ಕಂತು ತುಂಬುತ್ತಿರಲಿಲ್ಲ. ಎಂಬಿಬಿಎಸ್ ಮುಗಿಸಿದವರಿಗೆ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೆಲಸವಾದರೂ ಸಿಗುತ್ತದೆ. ನಮಗೆ ಸರ್ಕಾರಿ ಹುದ್ದೆಗಳು ತೀರಾ ಕಡಿಮೆ, ಕರ್ನಾಟಕದಲ್ಲಿ ಡೆಂಟಲ್ ಕಾಲೇಜುಗಳು ತೀರಾ ಜಾಸ್ತಿ. ಬಹುಪಾಲು ಜನರಿಗೆ ಉಳಿಯುವುದು ಸ್ವಂತ ಕ್ಲಿನಿಕ್, ಅಂದರೆ ಎರಡನೇ ಸಾಲ.

ಆ ಸಾಲವನ್ನು ನಾನು ಸಣ್ಣ ಉದ್ದಿಮೆಗಳಿಗೆಂದು ಇರುವ ಕೇಂದ್ರದ ಮುದ್ರಾ ಯೋಜನೆಯಲ್ಲಿ ತೆಗೆದುಕೊಂಡೆ, ಐದು ಲಕ್ಷದೊಳಗಿನ ಕಿಶೋರ್ ವಿಭಾಗದಲ್ಲಿ. ಹಳೇ ಸಾಲದ ಕಂತು ಒಂದೂ ತಪ್ಪಿಲ್ಲದ್ದನ್ನು ಸಿಬಿಲ್‌ನಲ್ಲಿ, ಅಂದರೆ ಸಾಲದ ಚರಿತ್ರೆಯ ದಾಖಲೆಯಲ್ಲಿ, ನೋಡಿಯೇ ಕೊಟ್ಟರು. ಚೇರ್ ಸೆಕೆಂಡ್ ಹ್ಯಾಂಡ್ ತಂದೆ, ಉಪಕರಣಗಳನ್ನು ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್ ಮಾತ್ರ ಹೊಸದು. ಅದರಲ್ಲಿ ರಾಜಿ ಮಾಡಿಕೊಳ್ಳಬಾರದು ಅನ್ನುವುದು ನನ್ನ ಹಟ. ಎಕ್ಸ್‌ರೇ ಆಮೇಲೆ ಬಂತು. ಹಲ್ಲಿನ ಕ್ಯಾಪು ಮಾಡುವ ಲ್ಯಾಬ್ ಇಡುವ ಮಾತೇ ಇರಲಿಲ್ಲ. ಆಲ್ಜಿನೇಟ್ ಅನ್ನುವ ಮೆತ್ತನೆಯ ವಸ್ತುವಿನಲ್ಲಿ ತೆಗೆದ ಹಲ್ಲಿನ ಅಳತೆ ತುಸು ಹೊತ್ತು ಬಿಟ್ಟರೂ ಕುಗ್ಗುತ್ತದೆ, ಹಾಗಾಗಿ ರೋಗಿ ಬಾಯಿ ಮುಕ್ಕಳಿಸಿ ಏಳುವಷ್ಟರಲ್ಲಿ ಡೆಂಟಲ್ ಸ್ಟೋನ್ ಕಲಸಿ ಸುರಿದುಬಿಡುತ್ತೇನೆ. ಗಟ್ಟಿಯಾದ ಅಚ್ಚನ್ನು ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ ಬಸ್ಸಿನಲ್ಲಿ ತುಮಕೂರಿನ ಲ್ಯಾಬಿಗೆ ಕಳಿಸುತ್ತೇನೆ. ಕ್ಯಾಪು ತಯಾರಾಗಿ ಬರುವುದೂ ಹಾಗೆಯೇ.

ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಲಿಲ್ಲವೇ ಅಂತ ಕೇಳುವವರಿದ್ದಾರೆ. ಇನ್ನೂ ಮೂರು ವರ್ಷ, ಖಾಸಗಿಯಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ. ಮೊದಲ ಸಾಲ ತೀರುವ ತನಕ ಬೇಡ ಅಂತ ನಿರ್ಧರಿಸಿದ್ದೆ, ತೀರಿದ ಮೇಲೆ ಬೇಕೆನಿಸಲಿಲ್ಲ. ನನ್ನನ್ನು ಕೇಳಿದರೆ ಸರ್ಕಾರಿ ಕೋಟಾದ ಬಿಡಿಎಸ್ ಸೀಟಿಗೆ ಸಾಲ ಮಾಡಬಹುದು. ತೋಟ ಅಡ ಇಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದು ಬೇಡ, ಅದು ಕೂಸಿಗಿಂತ ಕುಲಾವಿ ಭಾರವಾದ ಹಾಗೆ.

ಸಾಲ ತೀರಿದ ದಿನ ಬ್ಯಾಂಕಿನಿಂದ ನೋ ಡ್ಯೂ ಪತ್ರ ಬರೆಸಿಕೊಂಡೆ. ಜಾಮೀನು ಕೊಟ್ಟವರ ಸಿಬಿಲ್‌ನಲ್ಲೂ ನಮ್ಮ ಸಾಲ ಕಾಣಿಸುತ್ತದೆ, ಅವರು ಮನೆ ಸಾಲಕ್ಕೆ ಹೋದರೆ ಅಡ್ಡ ಬರಬಹುದು. ಅದಕ್ಕೇ ಒಂದು ಜೆರಾಕ್ಸ್ ಅಪ್ಪನ ಸಹೋದ್ಯೋಗಿಗೆ ಕೊಟ್ಟು ಬಂದೆ. ಒಂದೆರಡು ತಿಂಗಳು ಬಿಟ್ಟು, ಖಾತೆ ಮುಚ್ಚಿದೆ ಅಂತ ಇಬ್ಬರ ಹೆಸರಿನಲ್ಲೂ ದಾಖಲಾಗಿದೆಯೇ ಅಂತ ನೋಡಿಕೊಂಡೆವು.