ಬಂಗಿಗೆ ಸೂಜಿ: ಮೊದಲು ನನ್ನ ಮುಂಗೈ, ಆಮೇಲೆ ಕೆನ್ನೆ

ಎರಡನೇ ಹೆರಿಗೆ ಆದ ಮೇಲೆ ನನ್ನ ಎರಡೂ ಕೆನ್ನೆಗೆ ಬಂಗು ಬಂತು. ನಾನು ಚರ್ಮದ ಡಾಕ್ಟರ್, ದಿನಾ ಬೇರೆಯವರ ಬಂಗಿಗೆ ಚೀಟಿ ಬರೆಯುವವಳು. ಎಂಟು ತಿಂಗಳು ಸನ್‌ಸ್ಕ್ರೀನ್, ಕ್ರೀಮು ಬಿಡದೆ ಹಚ್ಚಿದೆ. ಅರ್ಧ ಮಾಸಿತು. ಉಳಿದದ್ದು ಜಗ್ಗಲೇ ಇಲ್ಲ.

ಹಚ್ಚಿದ್ದೆಲ್ಲ ಒಳಗೆ ಇಳಿಯುವುದಿಲ್ಲ. ಚರ್ಮದ ತೀರಾ ಮೇಲೆ ಸತ್ತ ಕೋಶಗಳ ಪದರ ಇದೆ. ಒಂದು ಮಿಲಿಮೀಟರಿನ ನೂರರಲ್ಲಿ ಒಂದೋ ಎರಡೋ ಭಾಗದಷ್ಟು ತೆಳು, ಆದರೆ ಗಟ್ಟಿ ಕಾವಲು. 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ದೊಡ್ಡ ಅಣುಗಳನ್ನು ಹೆಚ್ಚುಕಮ್ಮಿ ಬಿಡುವುದೇ ಇಲ್ಲ. ಬಂಗಿಗೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಬರೀ 157. ಆದರೂ ಅದು ನೀರಿನಲ್ಲಿ ಕರಗುವಂಥದ್ದು, ಈ ಪದರದಲ್ಲಿ ಜಿಡ್ಡಿದೆ. ಹಾಗಾಗಿ ಅದಕ್ಕೂ ದಾರಿ ಕಷ್ಟ.

ನಮ್ಮಮ್ಮ ಜೇನು ನೆಲ್ಲಿಕಾಯಿ ಮಾಡುವಾಗ ಪ್ರತಿ ಕಾಯಿಯನ್ನೂ ಸುತ್ತ ಚುಚ್ಚುತ್ತಿದ್ದರು. ಚುಚ್ಚದಿದ್ದರೆ ಜೇನು ಸಿಪ್ಪೆ ಮೇಲೇ ಜಾರಿ ಹೋಗುತ್ತೆ ಅಲ್ವಾ. ಸಣ್ಣ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಮೈಕ್ರೋನೀಡ್ಲಿಂಗ್ ಕೆಲಸವೂ ಅಷ್ಟೇ. ಆದರೆ ಚುಚ್ಚಿದ ಕಾಯಿಗೆ ಜೇನು ಹೇಗೆ ಇಳಿಯುತ್ತೋ ಕೊಳೆಯೂ ಹಾಗೇ ಇಳಿಯುತ್ತೆ. ನಾನು ಹೇಳಬೇಕಾದ ಮುಖ್ಯ ಮಾತು ಇದು.

ಬೆಂಗಳೂರಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಧೈರ್ಯ ಕೊಟ್ಟಿತು. ಬಂಗಿದ್ದ 60 ಜನ. ಅರ್ಧ ಜನಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ಡನ್ನು ಸಣ್ಣ ಸಣ್ಣ ಇಂಜೆಕ್ಷನ್ ಆಗಿ ಕೊಟ್ಟರು, ಉಳಿದವರಿಗೆ ಸೂಜಿಯಾಡಿಸಿ ಹಚ್ಚಿದರು. ತಿಂಗಳಿಗೊಂದರಂತೆ ಮೂರು ಸಲ. ಎರಡೂ ಗುಂಪಿನಲ್ಲಿ ಬಂಗು ಇಳಿಯಿತು.

ಆದರೂ ಮುಖಕ್ಕೆ ಮುಂಚೆ ಮುಂಗೈ ಮೇಲೆ ನೋಡೋಣ ಅನಿಸಿತು. ಒಳಭಾಗದಲ್ಲಿ ಎರಡು ಕಡೆ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಸೂಜಿ ಆಡಿಸಿದೆ. ಒಂದಕ್ಕೆ ಇಂಜೆಕ್ಷನ್ ಆಂಪೂಲಿನ ಟ್ರಾನೆಕ್ಸಾಮಿಕ್ ಆಸಿಡ್ಡನ್ನು ಸಲೈನ್‌ನಲ್ಲಿ ತೆಳು ಮಾಡಿ ಹಾಕಿದೆ. ಇನ್ನೊಂದಕ್ಕೆ ನಾನು ದಿನಾ ಹಚ್ಚುವ ವಿಟಮಿನ್ ಸಿ ಸೀರಂ. ಸೀರಂ ಬಿದ್ದ ಕೂಡಲೇ ಮೆಣಸಿನಕಾಯಿ ತಾಗಿದ ಹಾಗೆ ಉರಿಯಿತು. ಸಂಜೆಗೆ ಕೆಂಪು ಗಂಧೆ, ನಾಲ್ಕು ದಿನ ತುರಿಕೆ, ಎರಡು ತಿಂಗಳು ಕಂದು ಕಲೆ. ಆಂಪೂಲಿನ ಜಾಗ ಮಾರನೇ ದಿನವೇ ಮಾಮೂಲಿಯಾಗಿತ್ತು. ವರ್ಷಗಳಿಂದ ನನ್ನ ಮುಖಕ್ಕೆ ಒಗ್ಗಿದ ಸೀರಂ ಅದು! ಮೇಲೆ ಕೂತಾಗ ತೊಂದರೆ ಕೊಡದ ಸುಗಂಧ, ಪ್ರಿಸರ್ವೇಟಿವ್, ಹುಳಿ ಎಲ್ಲವೂ ಒಳಗೆ ಇಳಿದಾಗ ಬೇರೆಯದೇ ಆಗುತ್ತವೆ. ಹೀಗೆ ಸೀರಂ ಹಾಕಿ ಮುಖದಲ್ಲಿ ಗಂಟು ಎದ್ದ ಪ್ರಕರಣಗಳು 2014ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿವೆ.

ಮುಖಕ್ಕೆ ಆ ಆಂಪೂಲಿನ ಔಷಧಿಯನ್ನೇ ಇಟ್ಟುಕೊಂಡು ನನ್ನ ಸಹೋದ್ಯೋಗಿ ಮಾಡಿದರು. ಮರಗಟ್ಟಿಸುವ ಕ್ರೀಮು ಮುಕ್ಕಾಲು ಗಂಟೆ. ಆಮೇಲೆ ಅದರ ಅಂಶವೂ ಉಳಿಯದ ಹಾಗೆ ಒರೆಸಿದರು, ಯಾಕೆಂದರೆ ಅದೂ ಒಳಗೆ ಹೋಗಬಾರದು. ಕಣ್ಣೆದುರೇ ಸೂಜಿಗಳ ಹೊಸ ಕಾರ್ಟ್ರಿಜ್ ಬಿಚ್ಚಿದರು. ಕೆನ್ನೆಗೆ ಅರ್ಧ ಮಿಲಿಮೀಟರ್, ಮೂಳೆ ಹತ್ತಿರ ಅದಕ್ಕೂ ಕಮ್ಮಿ. ಅಡ್ಡ, ಉದ್ದ, ಓರೆ. ಗುಂಯ್ ಅನ್ನುವ ಸದ್ದು, ಮರಳು ಕಾಗದ ಎಳೆದಂಥ ಅನುಭವ. ಚರ್ಮ ಕೆಂಪಾದ ತಕ್ಷಣ ನಿಲ್ಲಿಸಿದರು. ಬಂಗಿಗೆ ರಕ್ತ ಹನಿಯುವಷ್ಟು ಆಳ ಬೇಕಿಲ್ಲ. ನಮ್ಮಂಥ ಕಂದು ಬಣ್ಣದವರಿಗೆ ಆಳ ಜಾಸ್ತಿಯಾದರೆ ಗಾಯದ ಕಪ್ಪೇ ಹೊಸದಾಗಿ ಉಳಿಯುತ್ತೆ.

ಆ ರಾತ್ರಿ ಏನನ್ನೂ ಹಚ್ಚಲಿಲ್ಲ. ಮಾರನೇ ದಿನದಿಂದ ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ವಿಟಮಿನ್ ಸಿ, ರೆಟಿನಾಲ್ ಒಂದು ವಾರ ಬಂದ್. ಮೂರನೇ ಸಲದ ಹೊತ್ತಿಗೆ ಬಲಗೆನ್ನೆಯ ಕಲೆ ಹುಡುಕಿದರೆ ಮಾತ್ರ ಕಾಣುವಷ್ಟಾಯಿತು. ಎಡಗೆನ್ನೆ ಇನ್ನೂ ಸ್ವಲ್ಪ ಹಟ ಮಾಡುತ್ತಿದೆ. ಬಿಸಿಲಿಗೆ ಬಿದ್ದರೆ ಬಂಗು ಮರಳಿ ಬರುತ್ತೆ, ಹಾಗಾಗಿ ಸನ್‌ಸ್ಕ್ರೀನ್ ಬಿಟ್ಟಿಲ್ಲ.

ಈಗ ನನ್ನ ಹತ್ತಿರ ಬರುವವರಲ್ಲಿ ಗಾಯ ಉಬ್ಬುವ ಮೈಯವರಿಗೆ, ಮೊಡವೆ ಹಣ್ಣಾಗಿರುವವರಿಗೆ, ತುಟಿ ಮೇಲೆ ಸರ್ಪಸುತ್ತಿನಂಥ ಗುಳ್ಳೆ ಎದ್ದವರಿಗೆ ಮಾಡುವುದಿಲ್ಲ. ಮನೆಯಲ್ಲಿ ಅಕ್ಕತಂಗಿಯರು ಒಂದೇ ಸೂಜಿ ರೋಲರ್ ಬಳಸುತ್ತೇವೆ ಅಂದರೆ ಅವತ್ತೇ ಬಿಸಾಡಲು ಹೇಳುತ್ತೇನೆ. ಮೊನ್ನೆ ಒಬ್ಬರು ಬ್ಯಾಗಿನಿಂದ ಬಾಟಲಿ ತೆಗೆದು, "ಮೇಡಂ, ಇದು ತುಂಬಾ ಒಳ್ಳೇ ಸೀರಂ, ಇದನ್ನೇ ಹಾಕಿಬಿಡಿ" ಅಂದರು. ನಾನು ತೋಳು ಮಡಚಿ, ಮುಂಗೈ ಕಲೆ ಇದ್ದ ಜಾಗ ತೋರಿಸಿ ಪೂರ್ತಿ ಕಥೆ ಹೇಳಿದೆ. "ಹಂಗಾದ್ರೆ ಬೇಡ ಬಿಡಿ ಮೇಡಂ" ಅಂತ ಬಾಟಲಿಯನ್ನು ವಾಪಸ್ ಬ್ಯಾಗಿಗೆ ಹಾಕಿಕೊಂಡರು.