ಮಲೆನಾಡಿನ ಥಂಡಿಗೆ ಉಕ್ಕೋ, ಪಾಲಿಮರೋ: ನನ್ನ ಅನುಭವ

ಆರಿದ್ರಾ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಕಡೆ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಪಾಟಿನ ಉಕ್ಕು ಹೇಗೆ ನೆಟ್ಟಗಿದ್ದೀತು? ಪಿಸ್ತೂಲು ಕೊಳ್ಳಲು ಹೊರಟವರು ಮೊದಲು ಕೇಳುವುದೂ ಇದನ್ನೇ: ಪಾಲಿಮರ್, ಅಂದರೆ ಪ್ಲಾಸ್ಟಿಕ್ ಫ್ರೇಮಿನದು (ಹಿಡಿ, ಟ್ರಿಗರ್ ಕೂರುವ ಮೈ) ತಗೊಂಡರೆ ತುಕ್ಕಿನ ಕಾಟ ತಪ್ಪುತ್ತದಲ್ಲ? ಅರ್ಧ ತಪ್ಪುತ್ತದೆ. ಆದರೆ ಉಳಿದ ಅರ್ಧವೇ ಕೆಲಸ ಕೆಡಿಸುವುದು. ಎರಡೂ ಬಗೆಯವನ್ನು ಬಿಚ್ಚಿ ಒರೆಸಿ ಇಟ್ಟುಕೊಂಡು ಬಂದ ಮೇಲೆ ನನ್ನ ಒಲವು ಉಕ್ಕಿನ ಕಡೆಗೇ ನಿಂತಿದೆ. ವಾರಕ್ಕೊಮ್ಮೆ ಕೈ ಹಾಕುವ ಅಭ್ಯಾಸ ಇದ್ದವರಿಗೆ ಮಾತ್ರ ಈ ಮಾತು.

ಫ್ರೇಮಿನ ಚರ್ಚೆಗೆ ಮೊದಲು ಬೋರಿನದು, ಅಂದರೆ ನಳಿಗೆಯ ಅಳತೆಯದು, ಮುಗಿಯಬೇಕು. ಯೂಟ್ಯೂಬಿನಲ್ಲಿ ಕಾಣುವ ಗ್ಲಾಕ್ 17 ಮತ್ತು ಅದರ ಬಳಗ 9 ಎಂಎಂ ಪ್ಯಾರಾಬೆಲಮ್. ನಮ್ಮಲ್ಲಿ ಅದು ನಿಷೇಧಿತ ಬೋರ್. ಡಿಸಿ ಕಚೇರಿಯಿಂದ ಸಿಗುವ ಸಾಮಾನ್ಯ ಲೈಸೆನ್ಸಿಗೆ ಕೈಗೋವಿ ಎಂದರೆ ಹೆಚ್ಚಾಗಿ .32, ಇಲ್ಲವೇ .22. ಸರ್ಕಾರಿ ಕಾರ್ಖಾನೆಗಳ .32 ರಿವಾಲ್ವರ್, ಅಶನಿ ಪಿಸ್ತೂಲು, ನಿರ್ಭೀಕ್, 2023ರಲ್ಲಿ ಬಂದ ಪ್ರಬಲ್ ರಿವಾಲ್ವರುಗಳು ಎಲ್ಲವೂ ಲೋಹದವೇ. ಪಾಲಿಮರ್ ಫ್ರೇಮಿನ .32 ಎಂದರೆ ಹೆಚ್ಚಾಗಿ ಕೆಲ್‌ಟೆಕ್ ಪಿ-32ರಂಥ ವಿದೇಶಿ ಮಾಲು. ಆಮದಿಗೆ 1980ರ ದಶಕದಿಂದಲೇ ಕಡಿವಾಣ ಬಿದ್ದಿರುವುದರಿಂದ ಇವೆಲ್ಲ ಕೈಬದಲಾಗಿ ಬರುವಂಥವು, ಬೆಲೆಗೂ ಮಾಲಿಗೂ ತಾಳೆಯೇ ಇರುವುದಿಲ್ಲ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಆಯುಧ. ಬೆಳೆ ರಕ್ಷಣೆಯ ತೋಟದ ಕೋವಿ ಒಂದು ಇದ್ದೇ ಇರುತ್ತದೆ. ಉಳಿದ ಒಂದೇ ಜಾಗಕ್ಕೆ ತರುವುದನ್ನು ಮತ್ತೆ ಮತ್ತೆ ಬದಲಾಯಿಸಲು ಆಗುವುದಿಲ್ಲ.

ಪಾಲಿಮರ್ ಪಿಸ್ತೂಲನ್ನು ಬಿಚ್ಚಿ ಮೇಜಿನ ಮೇಲೆ ಹರಡಿ ನೋಡಿ. ನೈಲಾನ್ ಜಾತಿಯ ಪ್ಲಾಸ್ಟಿಕ್ ಇರುವುದು ಮುಖ್ಯವಾಗಿ ಫ್ರೇಮಿನಲ್ಲಿ. ನಳಿಗೆ, ಸ್ಲೈಡ್ (ಹಿಂದೆ ಮುಂದೆ ಓಡುವ ಮೇಲಿನ ಭಾಗ), ಫೈರಿಂಗ್ ಪಿನ್, ಎಕ್ಸ್‌ಟ್ರಾಕ್ಟರ್ (ಖಾಲಿ ತೋಟಾ ಎಳೆಯುವ ಕೊಕ್ಕೆ), ಸ್ಪ್ರಿಂಗುಗಳು, ಅಡ್ಡ ಪಿನ್ನುಗಳು ಎಲ್ಲ ಉಕ್ಕು. ಪಿ-32ರ ಫ್ರೇಮಿನೊಳಗೆ ಸ್ಲೈಡ್ ಓಡುವುದಕ್ಕೆ ಅಲ್ಯೂಮಿನಿಯಂ ಗಟ್ಟಿ ಕೂರಿಸಿದ್ದಾರೆ. ಗ್ಲಾಕಿನಲ್ಲಿ ಅದೇ ಕೆಲಸಕ್ಕೆ ಪ್ಲಾಸ್ಟಿಕ್ಕಿನೊಳಗೆ ಎರಕ ಹೊಯ್ದ ನಾಲ್ಕು ಉಕ್ಕಿನ ತುಂಡುಗಳಿವೆ. ಥಂಡಿ ಸೇರಿಕೊಳ್ಳುವುದು ಲೋಹ ಪ್ಲಾಸ್ಟಿಕ್ಕಿಗೆ ತಾಗುವ ಆ ಸಂದುಗಳಲ್ಲಿ. ಹೊರಗಿನ ಕಪ್ಪು ಮೈ ಹೊಸದರ ಹಾಗೇ ಕಾಣುತ್ತದೆ, ಮಾಲೀಕ ನಿಶ್ಚಿಂತ. ಒಳಗೆ ಟ್ರಿಗರ್ ಪಿನ್ನಿಗೆ ಕಂದು ಪುಡಿ ಹತ್ತಿರುತ್ತದೆ, ಮ್ಯಾಗಝೀನ್ ಸ್ಪ್ರಿಂಗಿಗೆ ಚುಕ್ಕೆ ಬಿದ್ದಿರುತ್ತದೆ. ಗುಂಡು ಮೇಲೆ ಏರದೆ ಸಿಕ್ಕಿಕೊಳ್ಳುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ.

ಉಕ್ಕಿನದರಲ್ಲಿ ಈ ಕಣ್ಣುಕಟ್ಟು ಇಲ್ಲ, ತುಕ್ಕು ಎದುರಿಗೇ ಕಾಣುತ್ತದೆ. ಕಾಣದೆ ಇರುವ ಒಂದೇ ಮುಖ್ಯ ಜಾಗ ಹಿಡಿಯ ಅಡಿ. ಮರದ ಹಿಡಿಯ ಸ್ಕ್ರೂ ಬಿಚ್ಚಿ ಎರಡೂ ಕಡೆಯ ಚಕ್ಕೆ ಎತ್ತಿದರೆ, ಮರ ಲೋಹಕ್ಕೆ ಕೂತಿದ್ದ ಅಂಚಿನುದ್ದಕ್ಕೂ ಕಂದು ಗೆರೆ ಎಳೆದಂತೆ ಇರುತ್ತದೆ. ಕೈಬೆವರಿನ ಉಪ್ಪು ಮರದಲ್ಲಿ ಇಂಗಿ ಅಲ್ಲೇ ಕೂರುತ್ತದೆ. ಗೆರೆ ಹಂತದಲ್ಲಿ ಸಿಕ್ಕರೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಒರಟು ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಗುಳಿ ಬಿದ್ದ ಮೇಲೆ ಏನು ಮಾಡಿದರೂ ಗುಳಿಯೇ. ಬ್ಲೂಯಿಂಗ್ (ರಾಸಾಯನಿಕದಿಂದ ಉಕ್ಕಿನ ಮೈ ಕಪ್ಪಾಗಿಸುವುದು) ಮಾಡಿದ ಮೈ ಸ್ವತಃ ಅಷ್ಟಾಗಿ ತುಕ್ಕು ತಡೆಯುವುದಿಲ್ಲ, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ. ಬಾಟಲಿಯಲ್ಲಿ ಸಿಗುವ ತಣ್ಣನೆ ಬ್ಲೂಯಿಂಗ್ ದ್ರಾವಣ ನೋಟಕ್ಕೆ ಸರಿ, ಪುಷ್ಯ ಮಳೆಗೆ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ಮಿಶ್ರಲೋಹದ ಫ್ರೇಮಾದರೆ ಕೆಂಪು ತುಕ್ಕಿನ ಬದಲು ಬಿಳಿ ಪುಡಿ, ಅದೂ ಉಕ್ಕಿನ ಸ್ಕ್ರೂ ಕೂರುವ ಜಾಗದಿಂದಲೇ ಶುರು.

ತುಕ್ಕು ಕಂಡ ಕೂಡಲೇ ಮರಳು ಕಾಗದ ಹಿಡಿಯುವವರಿದ್ದಾರೆ. ಬೇಡ. ತುಕ್ಕು ನಂಬರಿನ ಮೇಲೆ ಬಂದಿದ್ದರಂತೂ ಮುಟ್ಟಲೇಬೇಡಿ. ಗುರುತಿನ ನಂಬರ್ ಅಳಿಸುವುದು ಆಯುಧ ಕಾಯ್ದೆಯ 8ನೇ ಕಲಮಿನಡಿ ಅಪರಾಧ. ತುಕ್ಕು ತೆಗೆಯಲು ಹೋಗಿದ್ದೆ ಎಂದರೆ ಕೇಳುವವರು ಯಾರು? ಲೈಸೆನ್ಸ್ ಇರುವ ರಿಪೇರಿ ಅಂಗಡಿಗೆ ಒಯ್ದು, ಚೀಟಿ ಪಡೆದು ಕೊಡಿ.

ಪಾಲಿಮರ್ ಬೇಡ ಎನ್ನಲು ನನ್ನ ದೊಡ್ಡ ಕಾರಣವೂ ಈ ನಂಬರಿಗೇ ಅಂಟಿಕೊಂಡಿದೆ. ಲೈಸೆನ್ಸಿನಲ್ಲಿ ಬರೆದಿರುವುದು ಆಯುಧದ ನಂಬರು, ಅದು ಇರುವುದು ಫ್ರೇಮಿನ ಮೇಲೆ. ಉಕ್ಕಿನ ಫ್ರೇಮು ಸವೆದರೆ, ಮೈ ಕೆಟ್ಟರೆ, ಪಾಲಿಶ್ ಹಾಕಿ ಬಿಸಿ ಬ್ಲೂಯಿಂಗ್ ಮಾಡಿಸಿ ಇನ್ನೊಂದು ತಲೆಮಾರು ಓಡಿಸಬಹುದು. ಪಾಲಿಮರ್ ಫ್ರೇಮು ಪಿನ್ನಿನ ತೂತಿನ ಬಳಿ ಸೀಳಿದರೆ ಬೆಸುಗೆ ಇಲ್ಲ, ಅಂಟೂ ನಿಲ್ಲುವುದಿಲ್ಲ. ಅಮೆರಿಕದಲ್ಲಾದರೆ ಕಂಪನಿಗೆ ಕಳಿಸಿ ಬದಲಿ ತರಿಸುತ್ತಾರೆ. ಇಲ್ಲಿ ಫ್ರೇಮು ಹೋಯಿತೆಂದರೆ ಆಯುಧವೇ ಹೋದ ಹಾಗೆ.

ಹಾಗಂತ ಪಾಲಿಮರಿಗೆ ಗುಣವೇ ಇಲ್ಲ ಎಂದಲ್ಲ. ಪಿ-32 ಖಾಲಿ ಇದ್ದಾಗ 200 ಗ್ರಾಮಿಗೂ ಕಡಿಮೆ, ಕಾರ್ಖಾನೆಯ .32 ರಿವಾಲ್ವರ್ ಸುಮಾರು 700. ಅಡಿಕೆ ತೋಟದಲ್ಲಿ ಅಗಳ ದಾಟಿ, ಕಾನು ಹತ್ತಿ ಓಡಾಡುವಾಗ ಸೊಂಟಕ್ಕೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಬೆವರು ಪ್ಲಾಸ್ಟಿಕ್ ಹಿಡಿಗೆ ಏನೂ ಮಾಡುವುದಿಲ್ಲ. ಆದರೆ ಹಗುರವಾದದ್ದು ಒದೆಯುತ್ತದೆ. ಪ್ಲಾಸ್ಟಿಕ್ ಬಳುಕಿ ಒದೆತ ನುಂಗುತ್ತದೆ ಎಂಬ ಮಾತು .32ರಂಥ ಸಣ್ಣ ತೋಟಾಕ್ಕೆ ಲೆಕ್ಕಕ್ಕೇ ಬರುವುದಿಲ್ಲ, ಅಲ್ಲಿ ತೂಕದ್ದೇ ಆಟ. ಲೋಹದಲ್ಲೇ ಹೋಲಿಸಿ: ಟೈಟಾನಿಯಂ ಮಿಶ್ರಲೋಹದ ನಿರ್ಭೀಕ್ ಸುಮಾರು 500 ಗ್ರಾಂ. ಅದೇ ತೋಟಾ 700 ಗ್ರಾಮಿನದರಲ್ಲಿ ಹಾರಿಸಿದ್ದಕ್ಕಿಂತ ಹಿಂದೊದೆತದ ಶಕ್ತಿ ಇದರಲ್ಲಿ ಶೇ. 40ರಷ್ಟು ಹೆಚ್ಚು. ವರ್ಷಕ್ಕೆ ನಾಲ್ಕು ಗುಂಡು ಹಾರಿಸುವವರ ಕೈಗೆ ಭಾರದ್ದೇ ಮೇಲು.

ಇನ್ನು ಒರೆಸುವ ಕ್ರಮ. ಮ್ಯಾಗಝೀನ್ ತೆಗೆದು ಸ್ಲೈಡ್ ಎಳೆದು ಚೇಂಬರಿಗೆ ಬೆರಳಿಟ್ಟು ನೋಡುವುದು, ರಿವಾಲ್ವರಾದರೆ ಸಿಲಿಂಡರಿನ ಆರೂ ಮನೆ ನೋಡುವುದು. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೇ ಮುಂದಿನ ಕೆಲಸ. ಸಾಲ್ವೆಂಟಿನಲ್ಲಿ ಅದ್ದಿದ ಬಟ್ಟೆತುಂಡು ನಳಿಗೆಗೆ ಹಾಕಿ ಹತ್ತು ನಿಮಿಷ ಬಿಟ್ಟು, ಹಿತ್ತಾಳೆ ಬಣ್ಣದ ಬ್ರಾಂಝ್ ಬ್ರಷ್ ಆಡಿಸಿ, ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಒಣ ತುಂಡು ಎಳೆಯಬೇಕು. ಕೊನೆಯ ತುಂಡಿಗೆ ಎರಡು ತೊಟ್ಟು ಎಣ್ಣೆ ಸಾಕು. ರಿವಾಲ್ವರಿನಲ್ಲಿ ಖಾಲಿ ತೋಟಾ ಎತ್ತುವ ಎಕ್ಸ್‌ಟ್ರಾಕ್ಟರ್ ನಕ್ಷತ್ರವನ್ನು ಎತ್ತಿ ಅದರ ಅಡಿಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಲೇಬೇಕು. ಅಲ್ಲಿ ಮದ್ದಿನ ಒಂದು ಕಣ ಸಿಕ್ಕಿಕೊಂಡರೂ ನಕ್ಷತ್ರ ಪೂರ್ತಿ ಕೂರದೆ ಸಿಲಿಂಡರ್ ತಿರುಗುವಾಗ ಬಿಗಿಯುತ್ತದೆ. ಮಧ್ಯ ಮುರಿದು ತೆರೆಯುವ ಮಾದರಿಯಾದರೆ ಮುಚ್ಚಿ, ನಳಿಗೆ ಮತ್ತು ಹಿಡಿಯನ್ನು ಮೆಲ್ಲಗೆ ಅಲುಗಿಸಿ ನೋಡಿ. ಕೀಲಿನಲ್ಲಿ ಆಟ ಕಂಡರೆ ಹಾರಿಸುವುದು ನಿಲ್ಲಿಸಿ ಅಂಗಡಿಗೆ ತೋರಿಸಿ. ಪಾಲಿಮರಿನದಾದರೆ ಪಿನ್ನುಗಳ ತುದಿಗೂ ಲೋಹದ ಸಂದುಗಳಿಗೂ ಸೂಜಿಮೊನೆಯಲ್ಲಿ ಒಂದೊಂದು ಹನಿ. ಮ್ಯಾಗಝೀನಿನ ಒಳಗೆ ಎಣ್ಣೆ ಹೊಯ್ಯಬಾರದು, ಬಟ್ಟೆಯಲ್ಲಿ ಒರೆಸಿ ಬಿಟ್ಟರಾಯಿತು. ಎಣ್ಣೆ ತೋಟಾದ ಪ್ರೈಮರಿಗೆ (ಬುಡದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆಗೆ) ಇಳಿದರೆ ಹಾರದೆಯೂ ಇರಬಹುದು.

ಎಣ್ಣೆ ಎಂದಾಗ ಕೊಬ್ಬರಿ ಎಣ್ಣೆಯ ಮಾತು ಬಂದೇ ಬರುತ್ತದೆ. ಮನೆಯಲ್ಲಿದೆ, ವಾಸನೆಯೂ ಚಂದ. ಆದರೆ 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿ. ಡಿಸೆಂಬರಿನ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ ಎಣ್ಣೆಯೇ ಫೈರಿಂಗ್ ಪಿನ್ನಿನ ದಾರಿಯಲ್ಲೂ ಕೂತಿರುತ್ತದೆ. ಹ್ಯಾಮರ್ ಹೊಡೆದರೂ ಪಿನ್ ಮುಂದೆ ಹೋಗದು. ಹಳತಾದರೆ ಅಂಟಾಗುವುದು ಬೇರೆ. ಸೀಮೆಎಣ್ಣೆ ತೊಳೆಯಲು ಆದೀತು, ಕಾಪಾಡಲು ಆಗದು. ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ, ತೆಳುವಾದ್ದರಿಂದ ಬೇಗ ಇಳಿದುಹೋಗುತ್ತದೆ; ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಚ್ಚಲೇಬೇಕು. ಡಬ್ಲ್ಯುಡಿ-40 ನೆನೆದ ಉಕ್ಕಿನಿಂದ ನೀರು ಓಡಿಸಲು ಒಳ್ಳೆಯದು, ಅದರ ಮೇಲೆ ನಿಜವಾದ ಗನ್ ಆಯಿಲ್ ಬೇಕೇ ಬೇಕು.

ಚರ್ಮದ ಹೋಲ್‌ಸ್ಟರ್ ಸೊಂಟಕ್ಕೆ ಮಾತ್ರ, ಕಪಾಟಿಗಲ್ಲ. ಚರ್ಮ ನೀರು ಹೀರಿ ಹಿಡಿದುಕೊಳ್ಳುತ್ತದೆ, ಹದ ಮಾಡಲು ಬಳಸಿದ ಉಪ್ಪು ಉಕ್ಕಿಗೆ ಇಳಿಯುತ್ತದೆ. ಎಣ್ಣೆ ಸವರಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ಬೀಗ ಹಾಕಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ 120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿ ಮತ್ತೆ ಬಳಸಬಹುದು. ನೀಲಿ ಬಣ್ಣ ಕೋಬಾಲ್ಟಿನದು, ಅಡುಗೆ ಪಾತ್ರೆ ಬೇಡ. ಹಿಂದಿನವರು ಕಪಾಟಿನೊಳಗೆ ಜೀರೋ ಬಲ್ಬ್ ಉರಿಸಿಡುತ್ತಿದ್ದದ್ದು ಸುಮ್ಮನೆ ಅಲ್ಲ. ಐದು ಡಿಗ್ರಿ ಬೆಚ್ಚಗಾದರೆ ಶೇ. 95ರಷ್ಟಿದ್ದ ಗಾಳಿಯ ತೇವ 70ಕ್ಕೆ ಇಳಿಯುತ್ತದೆ. ಈಗಿನ ಎಲ್‌ಇಡಿಗೆ ಆ ಬಿಸಿ ಇಲ್ಲ.

ಚುನಾವಣೆ ಬಂದರೆ ಹೆಚ್ಚಿನವರ ಆಯುಧ ಠಾಣೆಗೆ ಠೇವಣಿ ಹೋಗುತ್ತದೆ, ಅಲ್ಲಿ ವಾರಕ್ಕೊಮ್ಮೆ ಒರೆಸುವವರು ಯಾರೂ ಇಲ್ಲ. 2023 ಮತ್ತು 2024, ಎರಡೂ ಚುನಾವಣೆಯ ಮತದಾನ ಮಳೆಗಾಲದ ಹೊಸ್ತಿಲಲ್ಲೇ ಮುಗಿಯಿತು. ಕೊಡುವ ಮೊದಲು ಒಳಗೂ ಹೊರಗೂ ತೆಳ್ಳಗೆ ಗ್ರೀಸ್ ಹಚ್ಚಿ, ಮೇಣದ ಕಾಗದದಲ್ಲಿ ಸುತ್ತಿ, ಚರ್ಮದ ಚೀಲ ಬಿಟ್ಟು ಕೊಡಿ. ರಸೀದಿಯಲ್ಲಿ ನಂಬರ್ ಸರಿ ಬರೆದಿದ್ದಾರೆಯೇ ಎಂದು ಅಲ್ಲೇ ಓದಿ. ವಾಪಸ್ ಬಂದ ದಿನವೇ ಹಿಡಿ ಬಿಚ್ಚಬೇಕು, ನಳಿಗೆಯ ಗ್ರೀಸ್ ಪೂರ್ತಿ ತೆಗೆಯದೆ ಹಾರಿಸಬಾರದು.

ತೋಟಾಗಳಿಗೂ ಇದೇ ಒಣ ಡಬ್ಬಿಯ ನಿಯಮ, ಬೇರೆ ಡಬ್ಬಿ ಅಷ್ಟೆ. ಚರ್ಮದ ಬೆಲ್ಟಿನಲ್ಲಿ ಬಿಟ್ಟ ತೋಟಾಕ್ಕೆ ಹಸಿರು ಕಿಲುಬು ಹತ್ತುತ್ತದೆ. ಉಜ್ಜಿ ಹೊಳಪಿಸಿ ಹಾಕಬೇಡಿ, ಡೀಲರಿಗೆ ಒಪ್ಪಿಸಿ. ಪಿಸ್ತೂಲಿನ .32ಕ್ಕೆ ಇನ್ನೊಂದು ತಂಟೆ ಇದೆ: ಅದರ ಬುಡದ ಅಂಚು ಸ್ವಲ್ಪ ಹೊರಚಾಚಿರುತ್ತದೆ. ಮ್ಯಾಗಝೀನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಮುಂದೆ ಕೂರಬೇಕು. ಹಿಂದೆ ಕೂತರೆ ಎರಡೂ ಕೊಕ್ಕೆ ಹಾಕಿಕೊಂಡು ಮ್ಯಾಗಝೀನಿನಲ್ಲೇ ನಿಲ್ಲುತ್ತವೆ. ಫ್ರೇಮು ಉಕ್ಕಿನದಾದರೂ ಅಷ್ಟೆ, ಪ್ಲಾಸ್ಟಿಕ್ಕಿನದಾದರೂ ಅಷ್ಟೆ.