ಅಜ್ಜನ ಸಂದೂಕದಲ್ಲಿ ಸಿಕ್ಕ ಬಿಲ್ವಪತ್ರೆ

ಹಳೆ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಗುವ ಮುಂಚೆ ನವನಗರಕ್ಕೆ ಸಾಗಿಸಿದ ಸಾಮಾನುಗಳಲ್ಲಿ ಅಜ್ಜನ ಸಂದೂಕವೂ ಇತ್ತು. ವರ್ಷಕ್ಕೊಮ್ಮೆ, ಖಂಡೇಪೂಜೆಯ ದಿನ, ಅದರ ಮುಚ್ಚಳ ತೆರೆಯುತ್ತಿದ್ದೆವು. ಅವ್ವ ಒಳಗಿನ ಉಳಿ, ಮರ ಹೆರೆದು ನಯಮಾಡುವ ರಂಧಾ, ಮರ ಕೆತ್ತುವ ಬಾಚಿಗಳಿಗೆಲ್ಲ ವಿಭೂತಿ, ಕುಂಕುಮ ಹಚ್ಚಿ ಮತ್ತೆ ಮುಚ್ಚಿಡುತ್ತಿದ್ದಳು. ಅಜ್ಜ ಅವನ್ನೆಲ್ಲ ಬೆಳಗಾವಿಯ ಪೇಟೆಯಲ್ಲಿ ಕೊಂಡನೆಂಬುದು ಮನೆಯವರ ಮಾತು. ನಾನೂ ಬಡಗಿಯೇ. ಆದರೆ ನನ್ನದು ಪ್ಲೈವುಡ್ಡಿನ, ಯಂತ್ರದ ಕೆಲಸ. ಆ ಉಪಕರಣಗಳನ್ನು ಎರಡು ವರ್ಷದ ಹಿಂದಿನವರೆಗೂ ನಾನು ಸರಿಯಾಗಿ ನೋಡಿರಲಿಲ್ಲ.

ಮೊದಲ ತಪ್ಪನ್ನು ಮೊದಲೇ ಹೇಳುತ್ತೇನೆ. ಅಗಲ ಬಾಯಿಯ ಒಂದು ಉಳಿಗೆ ತುಕ್ಕು ಹಿಡಿದಿತ್ತು. ಪರಿಚಯದ ಕಾರ್ಖಾನೆಯೊಂದಕ್ಕೆ ಒಯ್ದು ಗ್ರೈಂಡರಿಗೆ ಹಿಡಿಸಿದೆ. ಐದು ನಿಮಿಷದಲ್ಲಿ ಬೆಳ್ಳಿಯಂತೆ ಹೊಳೆಯಿತು. ತುಕ್ಕಿನೊಂದಿಗೆ ಅದರ ಕುತ್ತಿಗೆಯ ಮೇಲಿದ್ದ ಅಕ್ಷರಗಳೂ ಹೋದವು. ಅಲ್ಲಿ ಏನು ಬರೆದಿತ್ತೆಂದು ಇನ್ನು ಯಾರೂ ಹೇಳಲಾರರು.

ಅಂದಿನಿಂದ ಓದುವುದು ಮೊದಲು, ತೊಳೆಯುವುದು ಆಮೇಲೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತೇನೆ. ಗುಳಿಗಳಲ್ಲಿ ಗಟ್ಟಿಯಾಗಿ ಕೂತ ಕುಂಕುಮವನ್ನು ಬಿದಿರು ಕಡ್ಡಿಯಿಂದ ತೆಗೆಯುತ್ತೇನೆ. ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ತಿಕ್ಕುತ್ತೇನೆ. ರಾತ್ರಿ ದೀಪ ಆರಿಸಿ ಮೊಬೈಲಿನ ಬೆಳಕನ್ನು ಪಕ್ಕದಿಂದ, ಲೋಹಕ್ಕೆ ತಾಗುವಷ್ಟು ಕೆಳಗೆ ಹಿಡಿದರೆ ಹಗಲಿನಲ್ಲಿ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ.

ಹಾಗೆ ಎದ್ದು ಬಂದದ್ದು ಒಂದು ಸಣ್ಣ ಉಳಿಯ ಮೇಲಿನ ಮೂರು ಎಲೆ. ಅವ್ವ ಅದನ್ನು ಬಿಲ್ವಪತ್ರೆಯೆಂದೇ ನಂಬಿ, ಆ ಉಳಿಯನ್ನು ಎಲ್ಲಕ್ಕಿಂತ ಮುಂದೆ ಇಡುತ್ತಿದ್ದಳು. ಅದು ಇಂಗ್ಲೆಂಡಿನ ಶೆಫೀಲ್ಡ್ ನಗರದ ವಿಲಿಯಂ ಮಾರ್ಪಲ್ಸ್ ಅಂಡ್ ಸನ್ಸ್ ಕಂಪನಿಯ ಶ್ಯಾಮ್‌ರಾಕ್ ಮುದ್ರೆ. ಅವರ ಕಾರ್ಖಾನೆಯ ಹೆಸರು ಹೈಬರ್ನಿಯಾ ವರ್ಕ್ಸ್. ಹೈಬರ್ನಿಯಾ ಎಂದರೆ ಐರ್ಲೆಂಡಿನ ಲ್ಯಾಟಿನ್ ಹೆಸರು, ಶ್ಯಾಮ್‌ರಾಕ್ ಆ ದೇಶದ ಗುರುತಿನ ಎಲೆ. ಇನ್ನೊಂದು ಉಳಿಯ ಮೇಲೆ ‘ಕಾಸ್ಟ್ ಸ್ಟೀಲ್’ ಎಂದಿತ್ತು. ಅದನ್ನು ಬೀಡುಕಬ್ಬಿಣ ಎಂದುಕೊಳ್ಳಬಾರದು. 1740ರ ದಶಕದಲ್ಲಿ ಶೆಫೀಲ್ಡಿನ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಕರಗಿಸಿ ತಯಾರಿಸಿದ ಉಕ್ಕಿಗೆ ಬಂದ ಹೆಸರು ಅದು.

ಹೆಚ್ಚು ದಿನ ಹಿಡಿದದ್ದು ಕಬ್ಬಿಣದ ರಂಧಾ. ಮುಂಭಾಗದಲ್ಲಿ ‘ಬೇಯ್ಲಿ’, ‘ನಂ. 5’ ಎಂಬ ಎರಕದ ಅಕ್ಷರಗಳಿದ್ದವು. ಬೇಯ್ಲಿ ಎಂಬುದು ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ರಂಧಾಗಳ ಹೆಸರು, ಅಂದರೆ ಇದು ಅವರದು. ಅಲಗನ್ನು ಬಿಚ್ಚಿದಾಗ ತಳದಲ್ಲಿ ಮೂರು ಪೇಟೆಂಟ್ ದಿನಾಂಕಗಳು ಕಂಡವು. 1902ರ ಎರಡು ಸ್ಪಷ್ಟವಾಗಿದ್ದವು. ಮೂರನೆಯದು 1910ರ ಏಪ್ರಿಲ್, ತಾರೀಖಿನಲ್ಲಿ ಮೊದಲ ಅಂಕಿ 1 ಉಳಿದು ಎರಡನೆಯದು ಸವೆದಿತ್ತು. ಅಮೆರಿಕದಲ್ಲಿ ಪೇಟೆಂಟ್ ಕೊಡುವುದು ಮಂಗಳವಾರಗಳಂದು. ಹಳೆಯ ಪಂಚಾಂಗ ಲೆಕ್ಕ ಹಾಕಿದರೆ ಆ ತಿಂಗಳು ಒಂದರಿಂದ ಆರಂಭವಾಗುವ ಎರಡಂಕಿಯ ಮಂಗಳವಾರಗಳು ಎರಡೇ: 12 ಮತ್ತು 19. ಭೂತಗನ್ನಡಿಯಲ್ಲಿ ನೋಡಿದಾಗ ಆ ಅಂಕಿಯ ಮೇಲ್ಭಾಗದಲ್ಲಿ ಪೂರ್ತಿ ಮುಚ್ಚಿದ ಸುತ್ತು ಉಳಿದಿತ್ತು: 19. ಆ ಸಂಜೆ ಊಟದ ನೆನಪೂ ನನಗಿರಲಿಲ್ಲ. ಆದರೂ ಇದರಿಂದ ತಿಳಿಯುವುದು ಇಷ್ಟೇ, ಆ ರಂಧಾ 1910ಕ್ಕಿಂತ ಹಿಂದಿನದಲ್ಲ. ಪೇಟೆಂಟಿನ ದಿನವನ್ನು ತಯಾರಾದ ದಿನವೆಂದು ಹಿಡಿಯುವವರೇ ಬಹಳ. ಅಲಗನ್ನಂತೂ ನಂಬಲೇಬೇಡಿ, ಅದು ಸವೆದಂತೆ ಬದಲಾಗುತ್ತಲೇ ಇರುತ್ತದೆ.

ಬಾಚಿಯ ಮೇಲೆ ಅಕ್ಷರವೇ ಇಲ್ಲ. ನನಗೆ ಅತಿ ಪ್ರೀತಿಯದು ಅದೇ. ಅಂಚಿನಿಂದ ಎರಡು ಬೆರಳು ಮೇಲೆ ಒಂದು ಡೊಂಕು ಗೆರೆಯಿದೆ. ಅದರ ಕೆಳಗೆ ಲೋಹದ ಬಣ್ಣವೇ ಬೇರೆ. ಮೆತ್ತನೆಯ ಕಬ್ಬಿಣದ ಮೈಗೆ ಉಕ್ಕಿನ ಬಾಯನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಕೂಡಿಸಿದ ಬೆಸುಗೆ ಅದು. ಊರ ಕಮ್ಮಾರನ ಸುತ್ತಿಗೆಯ ಏಟುಗಳು ಇಂದಿಗೂ ಬೆರಳಿಗೆ ತಾಗುತ್ತವೆ. ಮುದ್ರೆಯಿಲ್ಲವೆಂದು ಇಂಥವನ್ನು ಗುಜರಿಗೆ ಹಾಕುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ರಂಧಾದ ಪಕ್ಕೆಯಲ್ಲಿ, ಕಂಪನಿಯದಲ್ಲದ ಇನ್ನೊಂದು ಮುದ್ರೆಯಿತ್ತು: ‘ಎಂ. ಅಂಡ್ ಎಸ್. ಎಂ. ಆರ್.’ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಹುಟ್ಟಿ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋದ ಕಂಪನಿ. ಹುಬ್ಬಳ್ಳಿಯ ವರ್ಕ್‌ಶಾಪ್ ಅದರದೇ. ಅಜ್ಜ ಅಲ್ಲಿ ದುಡಿದನೇ? ಮುದ್ರೆಯೊಂದರಿಂದಲೇ ಹಾಗೆನ್ನಲಾಗದು, ಕೈಯಿಂದ ಕೈಗೆ ಮಾರಿಬಂದ ಮಾಲೂ ಆಗಿರಬಹುದು. ಅವ್ವನನ್ನು ಕೇಳಿದೆ. ಅವಳು ಮಾತಾಡದೆ ದೇವರ ಜಗಲಿಯ ಡಬ್ಬಿಯಿಂದ ಒಂದು ಹಿತ್ತಾಳೆಯ ಬಿಲ್ಲೆ ತಂದುಕೊಟ್ಟಳು. ಅತ್ತೆ ಕೊಟ್ಟದ್ದು, ಯಾವುದೋ ದೇವರದಿರಬೇಕೆಂದು ಇಟ್ಟುಕೊಂಡಿದ್ದಳಂತೆ. ಅದರ ಮೇಲೆ ಒಂದು ನಂಬರು, ಅದರಡಿ ಅವೇ ಅಕ್ಷರಗಳು. ಕಾರ್ಮಿಕರ ಹಾಜರಿಯ ಬಿಲ್ಲೆ.

ಈ ವರ್ಷದ ಖಂಡೇಪೂಜೆಯಲ್ಲಿ ಬಿಲ್ಲೆಯನ್ನೂ ಸಾಲಿಗೆ ಇಟ್ಟೆವು. ಕುಂಕುಮವನ್ನು ಹಿಡಿಗಳಿಗೆ ಮಾತ್ರ ಹಚ್ಚಿದೆವು. ಮೂರೆಲೆಯ ಉಳಿಯನ್ನು ಅವ್ವ ಮೊದಲಿನಂತೆಯೇ ಮುಂದೆ ಇಟ್ಟಳು.